ಕಡಲಿದ್ದರೆ ಪಾರ್ಕ್ ಬೇಡವೇ?

ನಮಸ್ಕಾರ ಅಕ್ಕ,

ದಾವಣಗೆರೆಯಿಂದ ಮಂಗಳೂರಿಗೆ ಬಂದು ಎರಡು ವರ್ಷ ಆಯಿತು, ಫ್ಲ್ಯಾಟಿನ ಪಾರ್ಕಿಂಗ್ ಬಿಟ್ಟರೆ ಮಕ್ಕಳಿಗೆ ಓಡಲು ಜಾಗವಿಲ್ಲ ಎಂದು ಬರೆದಿದ್ದೀರಿ. ಯಾರನ್ನು ಕೇಳಿದರೂ "ಬೀಚ್ ಇದೆಯಲ್ಲ, ಪಾರ್ಕ್ ಯಾಕೆ?" ಅನ್ನುತ್ತಾರಂತೆ. ಹಾಗಾಗಿ ಭಾನುವಾರವೆಲ್ಲ ಮಾಲ್‌ನಲ್ಲೇ ಮುಗಿಯುತ್ತದೆ ಎಂದಿದ್ದೀರಿ. ಓದಿ ನಿಜಕ್ಕೂ ಬೇಸರವಾಯಿತು.

ಆ ಮಾತನ್ನು ನಾನು ಒಪ್ಪುವುದಿಲ್ಲ. ಮಧ್ಯಾಹ್ನ ಮರಳಿನ ಮೇಲೆ ಬರಿಗಾಲಿಡಲು ಆಗುವುದಿಲ್ಲ, ನೆರಳಂತೂ ಇಲ್ಲ. ಮಳೆಗಾಲದಲ್ಲಿ ನೀರಿನ ಹತ್ತಿರ ಸುಳಿಯುವ ಹಾಗಿಲ್ಲ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಮೀನು ಹಿಡಿಯುವ ದೊಡ್ಡ ಬೋಟುಗಳೇ ಕಡಲಿಗಿಳಿಯದೆ ಧಕ್ಕೆಯಲ್ಲಿ, ಅಂದರೆ ಬಂದರಿನ ಕಟ್ಟೆಯಲ್ಲಿ, ನಿಂತಿರುತ್ತವೆ. ಅದು ಮೀನು ಮರಿ ಮಾಡುವ ಕಾಲ, ಕಡಲೂ ಬಿರುಸು. ಮಗು ಶಾಲೆಯಿಂದ ಬಂದು ಅರ್ಧ ಗಂಟೆ ಆಡಬೇಕು, ಅಜ್ಜಿ ನಡೆದೇ ಹೋಗಿ ಒಂದು ಬೆಂಚಿನ ಮೇಲೆ ಕೂರಬೇಕು. ಇದಕ್ಕೆ ಮನೆ ಹತ್ತಿರವೇ ಜಾಗ ಬೇಕು. ಗುಡ್ಡ, ಇಳಿಜಾರಿನ ಈ ಊರಿನಲ್ಲಿ ಸಮತಟ್ಟು ನೆಲ ಸಿಗುವುದೇ ಕಷ್ಟ. ನಿಮ್ಮ ವಾರ್ಡಿನಲ್ಲಿ ಐದು ಸೆಂಟ್ಸ್ ಸರ್ಕಾರಿ ಜಾಗ ಖಾಲಿ ಇದ್ದರೂ ಅಕ್ಕಪಕ್ಕದವರೆಲ್ಲ ಸೇರಿ ಪಾಲಿಕೆಗೆ ಅರ್ಜಿ ಕೊಡಿ. ಎರಡು ಮರ, ಒಂದು ಜೋಕಾಲಿ ಸಾಕು.

ಅಲ್ಲಿಯವರೆಗೆ ಕದ್ರಿ ಪಾರ್ಕ್ ಇದೆ. ಹಿಂದೆ ಇಲ್ಲಿ ಜಿಂಕೆಗಳಿದ್ದವು. ಈಗ ಪ್ರಾಣಿಗಳೆಲ್ಲ ಊರಾಚೆಯ ಪಿಲಿಕುಳ ನಿಸರ್ಗಧಾಮದಲ್ಲಿವೆ. ಆದರೆ ಬೆಳಿಗ್ಗೆ ಆರೂವರೆಗೆ ಹೋಗಿ ನೋಡಿ, ಆ ಮರಗಳ ಕೆಳಗಿನ ತಂಪು ಊರಲ್ಲಿ ಬೇರೆಲ್ಲೂ ಇಲ್ಲ. ಪಿಲಿಕುಳಕ್ಕೆ ಇಡೀ ದಿನ ಇಟ್ಟುಕೊಳ್ಳಿ. ತುಳುವಿನಲ್ಲಿ ಪಿಲಿ ಎಂದರೆ ಹುಲಿ, ಹುಲಿಗಳು ನೀರಿಗೆ ಬರುತ್ತಿದ್ದ ಕೊಳ ಎಂದು ಹಿರಿಯರು ಹೇಳುತ್ತಾರೆ. ಮೃಗಾಲಯ, ಕೆರೆ, ಗುತ್ತಿನ ಮನೆ (ತುಳುನಾಡಿನ ಹಳೆಯ ದೊಡ್ಡಮನೆ), ತಾರಾಲಯ ಎಲ್ಲವನ್ನೂ ಒಂದೇ ಸಲ ನೋಡಲು ಹೋದರೆ ಮಕ್ಕಳು ಸುಸ್ತಾಗುತ್ತಾರೆ. ಸೋಮವಾರ ಮೃಗಾಲಯಕ್ಕೆ ರಜೆ.

ನನಗೆ ತುಂಬಾ ಇಷ್ಟದ ಜಾಗ ಬೇರೆ. ಮಳೆ ಮುಗಿದ ಮೇಲೆ ಒಂದು ಭಾನುವಾರ, ಬಿಸಿಲು ಇಳಿಯುವ ಹೊತ್ತಿಗೆ ಸುಲ್ತಾನ್ ಬತ್ತೇರಿಗೆ ಹೋಗಿ. ಟಿಪ್ಪು 1784ರಲ್ಲಿ ಕಟ್ಟಿಸಿದ ಕಾವಲು ಬುರುಜು ಅದು. ಮಕ್ಕಳು ಅದರ ಮೆಟ್ಟಿಲು ಹತ್ತಿ ಕಿಂಡಿಯಲ್ಲಿ ಇಣುಕಲಿ. ಮುಂದಿರುವುದು ಗುರುಪುರ ನದಿ. ದೋಣಿ ಹತ್ತಿದರೆ ಕೆಲವೇ ನಿಮಿಷಕ್ಕೆ ತಣ್ಣೀರುಬಾವಿ. ಅದು ಮರಳಿನ ಒಂದು ಉದ್ದ ಪಟ್ಟಿ, ಈಚೆ ನದಿ, ಆಚೆ ಕಡಲು. ನದಿ ಕಡಲಿನ ಪಕ್ಕಪಕ್ಕದಲ್ಲೇ ದಕ್ಷಿಣಕ್ಕೆ ಹರಿದು, ಅಳಿವೆ ಬಾಗಿಲಲ್ಲಿ, ಅಂದರೆ ನದಿ ಕಡಲಿಗೆ ತೆರೆಯುವಲ್ಲಿ, ನೇತ್ರಾವತಿಯನ್ನು ಕೂಡಿಕೊಂಡು ಕಡಲು ಸೇರುತ್ತದೆ. ದೋಣಿಯಲ್ಲಿ ಕೂತು ನೀರು ಯಾವ ಕಡೆ ಹೋಗುತ್ತಿದೆ ಎಂದು ಮಕ್ಕಳನ್ನೇ ಕೇಳಿ. ಭರತದ ಹೊತ್ತಾದರೆ, ಅಂದರೆ ಕಡಲ ನೀರು ಏರುವಾಗ, ನದಿ ಹಿಂದಕ್ಕೆ ಹರಿಯುವ ಹಾಗೆ ಕಾಣುತ್ತದೆ, ಅವರಿಗೆ ಆಶ್ಚರ್ಯವಾಗದೆ ಇರದು.

ಅಲ್ಲಿ ಅರಣ್ಯ ಇಲಾಖೆಯ ಟ್ರೀ ಪಾರ್ಕ್ ಇದೆ, ಗಾಳಿಮರದ ನೆರಳಿದೆ. ಮರಳಿನ ಮೇಲೆ ನೇರಳೆ ಹೂವಿನ ಅಡುಂಬು ಬಳ್ಳಿ ಹಬ್ಬಿರುತ್ತದೆ. ಅದನ್ನು ಕೀಳಬೇಡಿ ಎಂದು ಹೇಳಿಕೊಡಿ, ಗಾಳಿಗೆ ಮರಳು ಹಾರದಂತೆ ಹಿಡಿದಿಡುವುದೇ ಆ ಬಳ್ಳಿ. ಏಡಿಯ ಬಿಲದ ಮುಂದೆ ಐದು ನಿಮಿಷ ಅಲ್ಲಾಡದೆ ಕೂತರೆ ಏಡಿ ತಾನಾಗಿಯೇ ಹೊರಗೆ ಬರುತ್ತದೆ. ನನ್ನ ಮಗಳು ಚಿಕ್ಕವಳಿದ್ದಾಗ ಸುಮ್ನೆ ಕೂರಲು ಕಲಿತದ್ದೇ ಹಾಗೆ.

ಒಂದು ಮಾತು ಮಾತ್ರ ಮರೆಯಬೇಡಿ. ನೀರು ಮೊಣಕಾಲು ದಾಟಬಾರದು. ಸುತ್ತಲೂ ಅಲೆ ಒಡೆಯುತ್ತಿದ್ದು ನಡುವೆ ಒಂದು ಕಡೆ ಮಾತ್ರ ಶಾಂತವಾಗಿ ಕಂಡರೆ ಅಲ್ಲಿಗೆ ಇಳಿಯಲೇಬೇಡಿ. ಅಲ್ಲಿ ನೀರು ಒಳಕ್ಕೆ ಎಳೆಯುತ್ತಿರಬಹುದು. ಬಯಲುಸೀಮೆಯಿಂದ ಬಂದವರು ಅದನ್ನೇ ಒಳ್ಳೆಯ ಜಾಗ ಎಂದುಕೊಳ್ಳುವುದು ಜಾಸ್ತಿ. ಲೈಫ್‌ಗಾರ್ಡ್ ಸೀಟಿ ಊದಿದರೆ ತಕ್ಷಣ ಮೇಲೆ ಬನ್ನಿ.

ಬದಲಿ ಬಟ್ಟೆ, ಕುಡಿಯುವ ನೀರು, ಕಸ ವಾಪಸ್ ತರಲು ಒಂದು ಚೀಲ ಜೊತೆಗಿರಲಿ. ವಾಪಸ್ ಬರುವ ಕೊನೆಯ ದೋಣಿ ಎಷ್ಟು ಗಂಟೆಗೆ ಎಂದು ಹೋಗುವಾಗಲೇ ಕೇಳಿಟ್ಟುಕೊಳ್ಳಿ.

ಸಂಪಾದಕ