ಮೂರು ಗಂಟೆಗೆ ಕುರ್ಚಿ ಬಿಟ್ಟು ಏಳು

ತಮ್ಮಾ, ನಿನ್ನ ಮೆಸೇಜು ಓದಿದೆ. ಸ್ವೀಡನ್ನಿನ ಗೋಥೆನ್‌ಬರ್ಗಿಗೆ ಬಂದು ಐದು ತಿಂಗಳಾಯಿತು, ಆಫೀಸಿನಲ್ಲಿ ಎಲ್ಲರೂ ನಗುತ್ತಾರೆ, ಆದರೆ ಒಬ್ಬರೂ ಮನೆಗೆ ಕರೆದಿಲ್ಲ, ಶುಕ್ರವಾರ ಸಂಜೆಯಾದರೆ ಸೋಮವಾರದವರೆಗೆ ಮಾತಾಡೋಕೆ ಜನ ಇಲ್ಲ ಅಂತ ಬರೆದಿದ್ದೀಯ. "ಅಕ್ಕ, ಈ ಜನ ಇರೋದೇ ಹೀಗಾ, ಇಲ್ಲ ನನ್ನಲ್ಲೇ ಏನಾದರೂ ಐಬಿದೆಯಾ?" ಅಂತ ಕೇಳಿದ್ದೀಯ. ಎರಡೂ ಅಲ್ಲ. ಮಧ್ಯದಲ್ಲಿ ನೀನು ಇನ್ನೊಂದು ಮಾತು ಹಾಗೇ ಹೇಳಿ ಮುಂದೆ ಹೋಗಿದ್ದೀಯ: ಮೂರು ಗಂಟೆಗೆ ಎಲ್ಲರೂ ಕಾಫಿಗೆ ಎದ್ದು ಹೋಗುತ್ತಾರೆ, ನೀನು ಆ ಹೊತ್ತಲ್ಲಿ ಬಾಕಿ ಕೆಲಸ ಮುಗಿಸಿಕೊಳ್ಳುತ್ತೀಯ ಅಂತ. ನನ್ನ ಉತ್ತರವೆಲ್ಲ ಆ ಒಂದು ಸಾಲಿಗೇ.

ಹನ್ನೊಂದು ವರ್ಷದ ಹಿಂದೆ ಇಲ್ಲಿಗೆ ಬಂದಾಗ ನಾನೂ ಅದನ್ನೇ ಮಾಡಿದ್ದೆ. ಬೆಂಗಳೂರಿನ ಆಫೀಸಿನಲ್ಲಿ ಕಾಫಿ ಅಂದರೆ ಮನಸ್ಸು ಬಂದಾಗ ಎದ್ದು, ಪಕ್ಕದವರನ್ನು ಎಬ್ಬಿಸಿಕೊಂಡು, ಕೆಳಗಿನ ದರ್ಶಿನಿಯಲ್ಲಿ ನಿಂತೇ ಕುಡಿಯುವ ಬೈಟು. ಇಲ್ಲಿಯ ಫಿಕಾ, ಅಂದರೆ ಈ ಕಾಫಿ ವಿರಾಮ, ಹಾಗಲ್ಲ. ಅದಕ್ಕೆ ಹೊತ್ತು ಗೊತ್ತು ಮಾಡಿದೆ, ಮೇಜು ಗೊತ್ತು ಮಾಡಿದೆ, ಮ್ಯಾನೇಜರೂ ಬಂದು ಕೂರುತ್ತಾರೆ. ನಾನು "ಕೆಲಸ ಇದೆ" ಅಂತ ನಾಲ್ಕು ತಿಂಗಳು ತಪ್ಪಿಸಿಕೊಂಡೆ. ಎಂಥ ಶ್ರಮಜೀವಿ ಅಂದುಕೊಳ್ಳುತ್ತಾರೆ ಅನ್ನೋದು ನನ್ನ ಲೆಕ್ಕ. ಕೊನೆಗೆ ನಮ್ಮ ಟೀಮಿನ ಹಿರಿಯ ಹೆಂಗಸೊಬ್ಬರು ಮೆತ್ತಗೆ ಕೇಳಿದರು: "ನಮ್ಮ ಜೊತೆ ಕೂರೋದು ನಿನಗೆ ಇಷ್ಟ ಇಲ್ಲವಾ?" ನೆಲ ಬಾಯಿ ಬಿಡಬಾರದಾ ಅನ್ನಿಸಿತು.

ಕಾಫಿಗಾಗಿ ಅಂತೂ ಹೋಗಬೇಡ, ಅದು ನಮ್ಮ ನಾಲಿಗೆಗೆ ಬಿಸಿನೀರೇ. ಡಿಕಾಕ್ಷನ್ ಇಲ್ಲ, ಹಾಲು ಕಾಯಿಸುವುದಿಲ್ಲ. ಆದರೂ ಈ ಜನಕ್ಕೆ ಅದರ ಮೇಲೆ ಎಷ್ಟು ಪ್ರಾಣ ಅಂದರೆ, 1756ರಲ್ಲಿ ಸರ್ಕಾರ ಕಾಫಿಯನ್ನೇ ನಿಷೇಧಿಸಿತ್ತು, ಆಮೇಲೂ ಹಲವು ಸಲ ನಿಷೇಧಿಸಿತು, ಇವರು ಕದ್ದು ಕುಡಿದರು. ಕಾಫಿಗೆ ಸ್ವೀಡಿಷ್‌ನ ಹಳೆಯ ಮಾತು 'ಕಫಿ', ಅದನ್ನು ತಿರುವಿ ಹಾಕಿದ್ದೇ 'ಫಿಕಾ' ಅನ್ನುತ್ತಾರೆ. ಜೊತೆಗೆ ಬರುವ ದಾಲ್ಚಿನ್ನಿ ಬನ್ನನ್ನು ಮಾತ್ರ ಬಿಡಬೇಡ. ಮೊದಲ ಸಲ ಮುರಿದು ಮೂಗಿನ ಹತ್ತಿರ ತಂದಾಗ ನನಗೆ ಅಳು ಬಂದಿತ್ತು. ಹಿಟ್ಟಿಗೆ ಏಲಕ್ಕಿ ಕುಟ್ಟಿ ಹಾಕುತ್ತಾರೆ ಮಾರಾಯ! ಸಕಲೇಶಪುರದ ನಮ್ಮನೆ ಅಟ್ಟದ ವಾಸನೆ ಅದು.

ಕೂತ ಮೇಲೆ ಏನು ಮಾತಾಡೋದು ಅಂತ ನೀನು ಕೇಳೇ ಕೇಳುತ್ತೀಯ. ಆಫೀಸಿನ ಕೆಲಸ ಬೇಡ, ಸಂಬಳ ಬೇಡ, ಮದುವೆ ಯಾಕೆ ಆಗಿಲ್ಲ ಅನ್ನೋದಂತೂ ಬೇಡವೇ ಬೇಡ. ಮಳೆ, ಹಳ್ಳಿಮನೆಯ ಸೂರು, ನಾಯಿ, ಅಣಬೆ, ಇಷ್ಟೇ. ನನಗೆ ಬಾಗಿಲು ತೆಗೆದದ್ದು ಅಣಬೆ. ಶರತ್ಕಾಲ ಬಂತೆಂದರೆ ಇವರು ಕಾಡಿಗೆ ನುಗ್ಗಿ ಹಳದಿ ಕಾಂತರೆಲ್ ಅಣಬೆ ಬುಟ್ಟಿಗಟ್ಟಲೆ ತರುತ್ತಾರೆ. "ಎಲ್ಲಿ ಸಿಕ್ಕಿತು?" ಅಂತ ಕೇಳಿಬಿಟ್ಟೆ. ಮೇಜೆಲ್ಲ ಗಪ್‌ಚುಪ್. ಜಾಗವನ್ನು ಸ್ವಂತ ತಮ್ಮನಿಗೂ ಹೇಳುವುದಿಲ್ಲವಂತೆ. ನಾನು ಜೋರಾಗಿ ನಕ್ಕುಬಿಟ್ಟೆ. ನಮ್ಮೂರಲ್ಲಿ ಗುಡುಗು ಮಳೆ ಬಂದ ಮೇಲೆ ಹುತ್ತದ ಅಣಬೆ ಏಳುತ್ತೆ, ನಮ್ಮಜ್ಜಿ ಸಾಯೋವರೆಗೂ ತನ್ನ ಜಾಗ ಯಾರಿಗೂ ಹೇಳಲಿಲ್ಲ ಅಂದೆ. ಅವತ್ತು ಫಿಕಾ ಇಪ್ಪತ್ತು ನಿಮಿಷ ಹೆಚ್ಚಾಯಿತು. ಮರುವಾರ ಒಬ್ಬರು ಸಣ್ಣ ಕಾಗದದ ಚೀಲದಲ್ಲಿ ಅಣಬೆ ತಂದುಕೊಟ್ಟರು, ಜಾಗ ಹೇಳದೆ.

ನಡುವೆ ಅವರು ಸ್ವೀಡಿಷ್‌ಗೆ ಜಾರುತ್ತಾರೆ. ಬೇಕಂತ ಅಲ್ಲ. ಎದ್ದು ಬರಬೇಡ, ಅರ್ಥ ಆಗದಿದ್ದರೂ ಕೂತಿರು, ಕಿವಿ ಪಳಗುತ್ತೆ. ಮುನ್ಸಿಪಾಲಿಟಿಯ ಬಿಟ್ಟಿ ಸ್ವೀಡಿಷ್ ಕ್ಲಾಸಿಗೆ ಸೇರಿಕೊ. ಲೈಬ್ರರಿಗಳಲ್ಲಿ ಭಾಷಾ ಕೆಫೆ ಅಂತ ನಡೆಸುತ್ತಾರೆ, ಅಲ್ಲಿ ತಪ್ಪು ಮಾತಾಡೋದೇ ಕೆಲಸ.

ಮಧ್ಯಾಹ್ನ ಡಬ್ಬಿ ತೆರೆದರೆ ಒಗ್ಗರಣೆ ವಾಸನೆ ಅಂತಾರೇನೋ ಅಂತ ಡೆಸ್ಕಿನಲ್ಲೇ ತಿನ್ನುತ್ತೀಯಲ್ಲ, ಅದನ್ನೂ ಬಿಡು. ಇವರೂ ನಿನ್ನೆಯ ಅಡುಗೆಯನ್ನೇ ಡಬ್ಬಿಗೆ ಹಾಕಿಕೊಂಡು ಬಂದು ಮೈಕ್ರೋವೇವ್ ಮುಂದೆ ಸಾಲು ನಿಲ್ಲುವವರು. ಮೀನು ಬಿಸಿ ಮಾಡುವವರ ನಡುವೆ ನಿನ್ನ ಇಂಗು ಯಾವ ಲೆಕ್ಕ? ಆ ಸಾಲಿನಲ್ಲಿ ನಿಂತ ಮೂರು ನಿಮಿಷದಲ್ಲಿ "ಅದೇನದು?" ಅಂತ ಯಾರಾದರೂ ಕೇಳುತ್ತಾರೆ. ಹೇಳು, ಒಂದು ಚಮಚ ಕೊಡು.

ಇನ್ನು ಮನೆಗೆ ಕರೆಯೋದು. ಅವರು ಕರೆಯಲಿ ಅಂತ ಕಾಯಬೇಡ, ಮೊದಲು ನೀನೇ ಕರೆ. "ಒಂದಿನ ಬನ್ನಿ" ಅಂದರೆ ಯಾರೂ ಬರುವುದಿಲ್ಲ, ಅದು ಇಲ್ಲಿ ಕರೆದ ಹಾಗೇ ಅಲ್ಲ. ಮೂರು ವಾರ ಮೊದಲೇ ತಾರೀಖು, ಗಂಟೆ ಹೇಳಬೇಕು. ನಾನು ಮೊದಲ ಸಲ ಆರು ಗಂಟೆ ಅಂದಿದ್ದೆ, ನಮ್ಮ ಲೆಕ್ಕದಲ್ಲಿ ಆರೂವರೆ, ಏಳು. ಆರಕ್ಕೆ ಐದು ನಿಮಿಷ ಇದ್ದಾಗ ಕಿಟಕಿಯಿಂದ ನೋಡುತ್ತೇನೆ, ನಾನು ಕರೆದ ಮೂವರೂ ಸುರಿವ ಮಳೆಯಲ್ಲಿ ಕೆಳಗೆ ನಿಂತಿದ್ದಾರೆ. ಆರಕ್ಕೆ ಸರಿಯಾಗಿ ಬೆಲ್! ನಾನಿನ್ನೂ ಬಾಣಲೆ ಮುಂದೆ, ಕೈಯೆಲ್ಲ ಬೋಂಡದ ಹಿಟ್ಟು. ಅವರೇ ಚಪ್ಪಲಿ ಗೂಡಿನ ಹತ್ತಿರ ಶೂ ಬಿಚ್ಚಿಟ್ಟು (ಈ ವಿಷಯದಲ್ಲಿ ಇವರು ನಮ್ಮವರೇ) ತಟ್ಟೆ ಜೋಡಿಸಿದರು. ಬಡಿಸುವಾಗ "ಇನ್ನೊಂಚೂರು" ಅಂತ ಬಲವಂತ ಮಾಡಬೇಡ, ಇಲ್ಲಿ ಬೇಡ ಅಂದರೆ ಬೇಡ. ಅವರು ಸೋಮವಾರ ಸಿಕ್ಕಾಗ ಮೊದಲ ಮಾತು "ತಾಕ್ ಫೋರ್ ಸೆನಾಸ್ತ್", ಮೊನ್ನೆ ಸಿಕ್ಕಿದ್ದಕ್ಕೆ ಥ್ಯಾಂಕ್ಸ್ ಅಂತ. ನೀನು ಎಲ್ಲಿಗಾದರೂ ಹೋಗಿ ಬಂದ ಮೇಲೆ ಇದನ್ನು ಮರೆಯಬೇಡ.

ಒಂದು ಮಾತು ಕಹಿ ಅನ್ನಿಸಬಹುದು. ಇಷ್ಟೆಲ್ಲ ಮಾಡಿದರೂ ಊರಿನ ಥರ, ಹೇಳದೆ ಕೇಳದೆ ಬಾಗಿಲು ತಟ್ಟಿ ಒಳಗೆ ಬರುವ ಸ್ನೇಹ ನನಗಿಲ್ಲಿ ಇಬ್ಬರದ್ದೇ ಸಿಕ್ಕಿದ್ದು, ಅದಕ್ಕೂ ಆರು ವರ್ಷ ಹಿಡಿಯಿತು. ಕನ್ನಡದವರ ಹಬ್ಬ, ಊಟಕ್ಕೆಲ್ಲ ತಪ್ಪದೆ ಬಾ, ಅದು ಬೇರೆ ಹಸಿವು. ಆದರೆ ಅಲ್ಲಿಗೆ ಮಾತ್ರ ಬಂದು ಉಳಿದ ಐದು ದಿನ ಹೆಡ್‌ಫೋನ್ ಹಾಕಿಕೊಂಡು ಕೂತರೆ, ಡಿಸೆಂಬರಿನಲ್ಲಿ ಮೂರೂವರೆಗೆ ಕತ್ತಲಾದಾಗ ತುಂಬಾ ಕಷ್ಟ ಆಗುತ್ತೆ. ನಾನು ಪಟ್ಟಿದ್ದೇನೆ.

ನಾಳೆ ಮೂರಕ್ಕೆ ಏಳು. ಬನ್ನಿನ ತಟ್ಟೆಯಲ್ಲಿ ಕೊನೆಯ ಒಂದೇ ಚೂರು ಉಳಿದಿರುತ್ತೆ, ಯಾರೂ ಮುಟ್ಟುವುದಿಲ್ಲ, ಅರ್ಧ ಮಾಡುತ್ತಾರೆ, ಆ ಅರ್ಧವನ್ನೂ ಅರ್ಧ ಮಾಡುತ್ತಾರೆ. ನಗು ತಡೆದುಕೊ. ಮತ್ತೆ ಬರುವ ಶನಿವಾರ ನಾಲ್ಕು ಗಂಟೆಗೆ ನಮ್ಮನೆಗೆ ಬಾ. ಅಮ್ಮ ಕಳಿಸಿದ ಪುಡಿ ಇದೆ, ಫಿಲ್ಟರ್ ಹಾಕಿಡುತ್ತೇನೆ. ಮೊದಲೇ ಬಂದರೆ ಕೆಳಗೆ ನಿಲ್ಲಬೇಡ, ಬೆಲ್ ಒತ್ತು.