ಬೂತಿನಲ್ಲಿ ಪಕ್ಷಕ್ಕೆ ಲೀಡ್ ಇದೆ, ಪಂಚಾಯಿತಿಗೆ ನಿಂತರೆ ಗೆಲ್ಲಬಹುದಾ?

"ನಮ್ಮ ಊರು ನಮ್ಮ ಪಕ್ಷದ್ದೇ, ಗ್ರಾಮ ಪಂಚಾಯಿತಿಗೆ ನಾನು ನಿಲ್ಲಲಾ, ಹೆಂಡತಿಯನ್ನು ನಿಲ್ಲಿಸಲಾ" ಅಂತ ಕೇಳಿದ್ದೀರಿ. 2020ರ ಡಿಸೆಂಬರಿನಲ್ಲಿ ನಾನೂ ಇದೇ ಧೈರ್ಯದ ಮೇಲೆ ನಿಂತಿದ್ದೆ. ಸೋತೆ.

2018ರ ವಿಧಾನಸಭೆ, 2019ರ ಲೋಕಸಭೆ, ಎರಡರಲ್ಲೂ ನಮ್ಮ ಬೂತಿನಲ್ಲಿ ನಮ್ಮ ಪಕ್ಷಕ್ಕೆ ಒಳ್ಳೇ ಲೀಡ್ ಇತ್ತು. ಚುನಾವಣಾ ಆಯೋಗದ ಫಾರ್ಮ್ 20ರಲ್ಲಿ ಪ್ರತಿ ಬೂತಿನ ಮತವೂ ಬೇರೆ ಬೇರೆ ಇರುತ್ತದೆ, ನೀವೂ ಅದನ್ನೇ ನೋಡಿರಬೇಕು. ಅದರಲ್ಲಿ ಅರ್ಧ ಮತ ಬಂದರೂ ಸಾಕು, ಆರಾಮಾಗಿ ಗೆಲ್ಲುತ್ತೇನೆ ಅಂದುಕೊಂಡೆ. ನಾಮಪತ್ರಕ್ಕೆ ಮೊದಲು ತಾಲ್ಲೂಕಿನ ಮುಖಂಡರೊಬ್ಬರು ಮನೆಗೆ ಬಂದು ಪಕ್ಷದ ಶಾಲು ಹೊದಿಸಿದರು. ಆ ಫೋಟೋವನ್ನು ಊರಿನ ವಾಟ್ಸಾಪ್ ಗ್ರೂಪಿಗೆ ಹಾಕಿದವನು ನಾನೇ.

ನಾನು ಕೆಟ್ಟಿದ್ದು ಅಲ್ಲೇ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ, ಪಕ್ಷ ತನ್ನ ಅಭ್ಯರ್ಥಿಗೆ ಕೊಡುವ ಬಿ ಫಾರಂ ಇಲ್ಲ. ಹಾಗಾಗಿ ಒಂದೇ ಪಕ್ಷದವರು ಎದುರುಬದುರು ನಿಂತರೆ ತಡೆಯುವವರೂ ಇಲ್ಲ. ನನ್ನ ಕ್ಷೇತ್ರದಲ್ಲಿ ನನ್ನ ಪಕ್ಷದವರೇ ಇನ್ನೂ ಇಬ್ಬರು ನಿಂತಿದ್ದರು. ಶಾಲು ಹೊದಿಸಿದ ಮುಖಂಡರು ಅವರ ಮನೆಗೂ ಹೋಗಿ ಕಾಫಿ ಕುಡಿದು ಬಂದರು, ಅವರಿಗೇನು, ಯಾರು ಗೆದ್ದರೂ ನಮ್ಮವರೇ ಅಂತ ಹೇಳಿಕೊಳ್ಳಬಹುದು. ಅಂದರೆ ಲೀಡಿನ ಮತ ಮೊದಲೇ ಮೂರು ಪಾಲಾಗಿತ್ತು. ಶಾಲಿನಿಂದ ನನಗೆ ಬಂದಿದ್ದು ಏನೂ ಇಲ್ಲ. ಹೋಗಿದ್ದು ಮಾತ್ರ ಬಹಳ.

ಪಂಚಾಯಿತಿಯಲ್ಲಿ ಒಂದು ಕ್ಷೇತ್ರಕ್ಕೆ ಎಷ್ಟು ಸ್ಥಾನವೋ ಮತದಾರನಿಗೆ ಅಷ್ಟು ಮತ. ಇದೇ ಎಲ್ಲವನ್ನೂ ಬದಲಿಸುತ್ತದೆ. ಜನ ಒಂದು ಮತ ಬಳಗಕ್ಕೆ ಹಾಕುತ್ತಾರೆ, ಇನ್ನೊಂದನ್ನು ಕೇರಿಯವರಿಗೋ ಕಷ್ಟಕ್ಕೆ ಆದವರಿಗೋ ಇಟ್ಟುಕೊಂಡಿರುತ್ತಾರೆ. ನಮ್ಮ ಊರಿನ ಕೆಳಗಿನ ಕೇರಿ ಪೂರ್ತಿ ಎದುರು ಪಕ್ಷದ್ದು. ಆದರೆ ಅಲ್ಲಿನ ಎಷ್ಟೋ ಮನೆಯವರ ವಿಧವಾ ವೇತನ, ಸಂಧ್ಯಾ ಸುರಕ್ಷಾ ಅರ್ಜಿ ಹಿಡಿದುಕೊಂಡು ನಾಡಕಚೇರಿಗೆ ಅಲೆದವನು ನಾನು. ಅವರ ಬಳಗದ ಮತ ಅವರ ಬಳಗಕ್ಕೇ ಹೋಗಲಿ, ಉಳಿದ ಮತದಲ್ಲಿ ಒಂದು ನನಗೆ ಬರಬೇಕಿತ್ತು. ಫೋಟೋ ನೋಡಿದ ಮೇಲೆ ಅದೂ ಹೋಯಿತು. ಎಣಿಕೆ ಮುಗಿದ ಮೇಲೆ ಆ ಕೇರಿಯ ಅಜ್ಜಿಯೊಬ್ಬರು ಮುಖಕ್ಕೇ ಹೇಳಿದರು: "ನೀನು ಅಂದ್ರೆ ಹಾಕ್ತಿದ್ದೆ ಕಣಪ್ಪ, ನಿನ್ನ ಪಾರ್ಟಿಗೆ ಹೆಂಗೆ ಹಾಕ್ಲಿ?" ನನ್ನ ಸೋಲಿನ ಅಂತರ ಆ ಕೇರಿಯ ನಾಲ್ಕೈದು ಮನೆಯ ಮತದಷ್ಟೂ ಇರಲಿಲ್ಲ.

ಅದಕ್ಕೇ ನಿಮ್ಮ ಪ್ರಶ್ನೆಯ ಬುಡವೇ ಸರಿ ಇಲ್ಲ ಅನ್ನುತ್ತೇನೆ. ಊರು ಯಾವ ಪಕ್ಷದ್ದೂ ಅಲ್ಲ. 1984ರ ಕೊನೆಗೆ ಲೋಕಸಭೆಗೆ ಇದೇ ರಾಜ್ಯ 28ರಲ್ಲಿ 24 ಸ್ಥಾನ ಕಾಂಗ್ರೆಸ್ಸಿಗೆ ಕೊಟ್ಟಿತು. ಆಗ ಮುಖ್ಯಮಂತ್ರಿಯಾಗಿದ್ದ ಜನತಾ ಪಕ್ಷದ ರಾಮಕೃಷ್ಣ ಹೆಗಡೆ ವಿಧಾನಸಭೆ ವಿಸರ್ಜಿಸಿ ಚುನಾವಣೆಗೆ ಹೋದರು, 1985ರಲ್ಲಿ ಅದೇ ಜನ ಜನತಾ ಪಕ್ಷಕ್ಕೆ 139 ಸ್ಥಾನ ಕೊಟ್ಟರು. ಮೊನ್ನೆಮೊನ್ನೆ 2023ರಲ್ಲಿ ವಿಧಾನಸಭೆಗೆ ಕಾಂಗ್ರೆಸ್ಸಿಗೆ 135 ಕೊಟ್ಟವರು ಮರುವರ್ಷ ಲೋಕಸಭೆಗೆ 9 ಕೊಟ್ಟರು, ಉಳಿದ 19 ಬಿಜೆಪಿ–ಜೆಡಿಎಸ್ ಪಾಲು. ದೆಹಲಿಗೆ ಒಬ್ಬರು, ಬೆಂಗಳೂರಿಗೆ ಒಬ್ಬರು ಅಂತ ನಮ್ಮವರು ಯಾವತ್ತೋ ಲೆಕ್ಕ ಬೇರೆ ಮಾಡಿಕೊಂಡಿದ್ದಾರೆ. ಚರಂಡಿಗೆ, ನಲ್ಲಿ ನೀರಿಗೆ, ಉದ್ಯೋಗ ಖಾತ್ರಿ ಕೆಲಸಕ್ಕೆ ಯಾರು ಅನ್ನೋದು ಇನ್ನೂ ಬೇರೆ. ಎಲ್ಲ ಜಾತಿ ಲೆಕ್ಕ ಅನ್ನುವವರೂ ಇದ್ದಾರೆ, ಅರ್ಧ ನಿಜ. ಆದರೆ ಒಂದೇ ಜಾತಿಯ ಇಬ್ಬರು ನಿಂತಾಗ ಜಾತಿ ಯಾರ ಕಡೆ ಹೋಗುತ್ತದೆ ಹೇಳಿ?

ಬಾಯಿಬಿಟ್ಟು ಕೇಳಿ ತಿಳಿದುಕೊಳ್ಳುತ್ತೇನೆ ಅಂದುಕೊಂಡಿದ್ದರೆ ಅದೂ ಆಗುವ ಮಾತಲ್ಲ. ಎಲ್ಲರೂ "ನಿಮಗೇ ಅಣ್ಣ" ಅನ್ನುತ್ತಾರೆ. ತಪ್ಪು ಅವರದ್ದಲ್ಲ. ಬೂತು ಬೂತಿನ ಮತ ಬೇರೆ ಬೇರೆ ಎಣಿಸಿ ಹೊರಗೆ ಬರುವಾಗ, ಯಾವ ಊರು ಕೈಕೊಟ್ಟಿತು ಅಂತ ಗೆದ್ದವರಿಗೆ ಸಂಜೆಯೊಳಗೆ ಗೊತ್ತಾಗುತ್ತದೆ. ಸಣ್ಣ ಊರಿನವರು ಬಾಯಿ ಮುಚ್ಚಿಕೊಂಡಿರೋದೇ ಸರಿ.

ನಿಲ್ಲಬೇಡಿ ಅನ್ನುತ್ತಿಲ್ಲ. ಮೊದಲು ನಿಮ್ಮ ಬೂತೂ ನಿಮ್ಮ ಪಂಚಾಯಿತಿ ಕ್ಷೇತ್ರವೂ ಒಂದೇನಾ ನೋಡಿ, ಎಷ್ಟೋ ಕಡೆ ಬೂತಿಗೆ ಪಕ್ಕದ ಹಟ್ಟಿಯೂ ಸೇರಿರುತ್ತದೆ, ಕ್ಷೇತ್ರಕ್ಕೆ ಸೇರಿರಲ್ಲ. ಆಮೇಲೆ ಮತದಾರರ ಪಟ್ಟಿ ಇಟ್ಟುಕೊಂಡು ಮನೆ ಮನೆ ನೋಡುತ್ತಾ ಹೋಗಿ. ಯಾವ ಮನೆಯ ಸಾವಿಗೆ ಹೋಗಿದ್ದಿರಿ, ಯಾರ ಜತೆ ಬದುವಿನ ಜಗಳ ಇದೆ, ಅದನ್ನು ಬರೆಯಿರಿ. ಪಕ್ಷದವರು ಮನೆಗೆ ಬಂದರೆ ಗೆದ್ದ ಮೇಲೆ ಬನ್ನಿ ಅನ್ನಿ. ಅಧ್ಯಕ್ಷರ ಆಯ್ಕೆಗೆ ಸದಸ್ಯರ ತಲೆ ಎಣಿಸುವಾಗ ಅವರೇ ಹುಡುಕಿಕೊಂಡು ಬರುತ್ತಾರೆ.

ಇನ್ನು ಹೆಂಡತಿ ವಿಷಯ. ಮೀಸಲಾತಿ ಪಟ್ಟಿ ಬರುವ ತನಕ ಯಾರು ನಿಲ್ಲಬಹುದು ಅನ್ನೋದೇ ಗೊತ್ತಾಗಲ್ಲ, ಅರ್ಧ ಸ್ಥಾನ ಮಹಿಳೆಯರಿಗೆ. ಅವರಿಗೆ ಮನಸ್ಸಿದ್ದರೆ ಅವರೇ ನಿಲ್ಲಲಿ, ಅವರೇ ಸಭೆಗೆ ಹೋಗಲಿ. ಅವರ ಹೆಸರಿನಲ್ಲಿ ನೀವು ಕುರ್ಚಿಯಲ್ಲಿ ಕೂರುವ ಯೋಚನೆ ಇದ್ದರೆ ನನ್ನ ಓಟೂ ನಿಮಗಿಲ್ಲ.