1.3 ಲಕ್ಷ ಕಿ.ಮೀ. ಓಡಿದ ಹಳೇ ಕಾರು ತೆಗೆದುಕೊಂಡಿದ್ದೇನೆ, ಮನೆ ಕುಂಬಳೆ. ಮೊದಲು ಏನು ಮಾಡಿಸಬೇಕು?

ಮೊದಲು ಟೈಮಿಂಗ್ ಬೆಲ್ಟ್, ಅಂದರೆ ಎಂಜಿನ್ ಒಳಗಿನ ಪಿಸ್ಟನ್, ವಾಲ್ವ್‌ಗಳ ಓಟವನ್ನು ಒಂದಕ್ಕೊಂದು ಹೊಂದಿಸುವ ಪಟ್ಟಿ. ನಿಮ್ಮ ಕಾರಿನಲ್ಲಿ ಇರುವುದು ಬೆಲ್ಟೋ ಚೈನೋ ಅಂತ ಮೆಕ್ಯಾನಿಕ್ ಹತ್ತಿರ ಕೇಳಿ. ಬೆಲ್ಟ್ ಆಗಿದ್ದು, ಬದಲಿಸಿದ ಬಿಲ್ ಇಲ್ಲದಿದ್ದರೆ, ಬದಲಿಸಿಲ್ಲ ಎಂದೇ ತಿಳಿಯಿರಿ. ಮಾರಿದವರ ಬಾಯಿಮಾತು ಲೆಕ್ಕಕ್ಕಿಲ್ಲ. ಓಡುವಾಗ ಅದು ತುಂಡಾದರೆ ಹಲವು ಎಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ. ಆಮೇಲೆ ಎಂಜಿನ್ ಬಿಚ್ಚುವುದೇ ಗತಿ. ಬೆಲ್ಟ್ ಜೊತೆಗೇ ಅದನ್ನು ಬಿಗಿಯಾಗಿಡುವ ಟೆನ್ಷನರ್ ಕೂಡ ಹೊಸದು ಹಾಕಿಸಿ. ವಾಟರ್ ಪಂಪ್ ಅದೇ ಬೆಲ್ಟ್‌ನಿಂದ ತಿರುಗುವುದಾದರೆ ಅದನ್ನೂ ಬದಲಿಸಿ. ಬಿಚ್ಚುವ ಕೂಲಿ ಒಂದೇ ಅಲ್ವಾ?

ಎಂಜಿನ್ ಆಯಿಲ್, ಫಿಲ್ಟರ್‌ಗಳನ್ನು ಯೋಚಿಸದೆ ಬದಲಿಸಿಬಿಡಿ. ಮುಂದೆ ಸಾಮಾನ್ಯವಾಗಿ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಎಂಜಿನ್ ತಣ್ಣಗಿಡುವ ದ್ರವ ಕೂಲೆಂಟ್; ಅದರ ಬದಲು ಬಾವಿ ನೀರು ಸುರಿಯಬೇಡಿ.

ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ. ಅದು ಗಾಳಿಯ ತೇವ ಹೀರುತ್ತದೆ, ನಮ್ಮ ಕಾಸರಗೋಡಿನ ಮಳೆಗಾಲ ಗೊತ್ತಲ್ಲ!

ಕಡಲ ಬದಿಯ ಉಪ್ಪುಗಾಳಿಗೆ ತುಕ್ಕು ಜಾಸ್ತಿ. ಮಳೆ ಮುಗಿದ ಕೂಡಲೇ ಅಡಿಭಾಗ ತೊಳೆಸಿ, ಕಾರನ್ನು ಲಿಫ್ಟ್‌ಗೆ ಏರಿಸಿ ನೀವೇ ಬಗ್ಗಿ ನೋಡಿ. ನನ್ನ ಕಾರಿನ ಬ್ರೇಕ್ ಪೈಪ್ ತುಕ್ಕು ಹಿಡಿದದ್ದು ಹಾಗೆ ನೋಡಿದಾಗಲೇ ಗೊತ್ತಾಗಿದ್ದು.